ಐವತ್ತು ಕುಳಿಗಳ ಹಲಗೆ

ಹಸಿರು ಡಬ್ಬಿ ಗಂಡ ಹಾಲ್ವರನ ತೊಡೆಯ ಮೇಲಿತ್ತು. ಅದನ್ನು ನೋಡಬಾರದೆಂದು ಅರ್ಡಿಸ್ ರಸ್ತೆಯನ್ನೇ ನೋಡುತ್ತಿದ್ದಳು. ಆದರೆ ಗಾಡಿ ಹೊಂಡಕ್ಕೆ ಇಳಿದಾಗಲೆಲ್ಲ ಒಳಗಿನ ಐವತ್ತು ತೋಟಾಗಳು ಒಟ್ಟಿಗೆ ಅಲುಗಿ, ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ ಸಣ್ಣಗೆ ಸದ್ದು ಮಾಡುತ್ತಿದ್ದವು. ನಿನ್ನೆ ಅದನ್ನು ಗ್ಯಾರೇಜಿನ ಮೇಲಿನ ಹಲಗೆಯಲ್ಲಿ, ಒಣಗಿದ ಬಣ್ಣದ ಡಬ್ಬಗಳ ಹಿಂದೆ ಸರಿಸಿಟ್ಟವಳು ಅವಳೇ. ಇವತ್ತಿಗೆಂದು ಬೇರೆ ಎರಡು ಡಬ್ಬಿಗಳನ್ನು, ತಾನೇ ತುಂಬಿ ತಾನೇ ಎರಡೆರಡು ಸಲ ನೋಡಿದ್ದವನ್ನು, ಚೀಲಕ್ಕೆ ಹಾಕಿಟ್ಟಿದ್ದಳು. ಬೆಳಿಗ್ಗೆ ಕಾಫಿಯನ್ನು ಫ್ಲಾಸ್ಕಿಗೆ ಸುರಿದುಕೊಂಡು ಹೊರಗೆ ಬಂದರೆ ಹಾಲ್ವರ್ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ತೊಟ್ಟು, ಗಾಡಿಯಲ್ಲಿ ಕುಳಿತಾಗಿತ್ತು. ತೊಡೆಯ ಮೇಲೆ ಡಬ್ಬಿ. ತಿಂಡಿ ತಿಂದೆನೇ ಎಂದು ದಿನಕ್ಕೆರಡು ಸಲ ಕೇಳುವವನಿಗೆ, ಕಳೆದ ವಾರ ಸ್ವಂತ ತಂಗಿಯ ಹೆಸರಿಗಾಗಿ ತಡಕಾಡಿದವನಿಗೆ, ಬಣ್ಣದ ಡಬ್ಬಗಳ ಹಿಂದೆ ಏನಿದೆ ಎಂದು ಹೇಗೆ ಗೊತ್ತಾಯಿತು? ಕೇಳಬಹುದಿತ್ತು. ಕೇಳಿದರೆ ಅದನ್ನೇಕೆ ಅಲ್ಲಿಟ್ಟೆ ಎಂದು ಅವನು ಕೇಳುತ್ತಿದ್ದ. ಅವಳು ಗಾಡಿ ಶುರುಮಾಡಿದಳು. ಆ ಐವತ್ತರಲ್ಲಿ ಒಂದರೊಳಗೆ ಸಿಡಿಮದ್ದೇ ಇಲ್ಲದಿರಬಹುದು. ಇಲ್ಲವೇ ಒಂದರೊಳಗೆ ಎರಡು ಪಾಲು ಇರಬಹುದು. ಇಲ್ಲವೇ ಐವತ್ತೂ ಸರಿಯಾಗಿರಬಹುದು. ಗುರುವಾರದಿಂದ ಈ ಮೂರು ಮಾತುಗಳು ಅವಳ ತಲೆಯಲ್ಲಿ ಇದೇ ಕ್ರಮದಲ್ಲಿ ತಿರುಗುತ್ತಿದ್ದವು, ಮೂರನೆಯದಕ್ಕೆ ಬಂದಾಗ ಸ್ವಲ್ಪ ಉಸಿರು ಬಿಟ್ಟು ಮತ್ತೆ ಮೊದಲನೆಯದಕ್ಕೆ.

ಮದುವೆಯಾದ ಮೊದಲ ಚಳಿಗಾಲದಲ್ಲಿ ಹಾಲ್ವರ್ ಅವಳನ್ನು ಗ್ಯಾರೇಜಿನ ಬೆಂಚಿನ ಮುಂದೆ ನಿಲ್ಲಿಸಿ ಹಲಗೆಯನ್ನು ತೋರಿಸಿದ್ದ. ಮೇಪಲ್ ಮರದ ಹಲಗೆ; ಸಾಲಿಗೆ ಹತ್ತರಂತೆ ಐದು ಸಾಲು ಕುಳಿಗಳು, ಅವನ ಅಪ್ಪ ಕೊರೆದದ್ದು. ಪ್ರತಿ ಕುಳಿಯಲ್ಲಿ ಹಾರಿಸಿ ಖಾಲಿಯಾದ ತೋಟಾದ ಹಿತ್ತಾಳೆಯ ಚಿಪ್ಪು, ತಿಕ್ಕಿ ಹೊಳಪು ಬರಿಸಿ, ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿದ್ದು, ಬಾಯಿ ಮೇಲೆ ಮಾಡಿಕೊಂಡು. ಅವನು ಯಂತ್ರದ ಹಿಡಿಯನ್ನು ಏರಿಸಿ ಇಳಿಸಿ ಒಂದೊಂದಕ್ಕೂ ಮದ್ದು ಸುರಿಯುತ್ತಿದ್ದ. ಐವತ್ತೂ ಮುಗಿದ ಮೇಲೆ ಟಾರ್ಚನ್ನು ಅವಳ ಕೈಗೆ ಕೊಟ್ಟು, ನೋಡು ಅಂದಿದ್ದ. ತಾನು ಮಾಡಿದ್ದನ್ನು ತನ್ನ ಕಣ್ಣು ಸರಿ ಎಂದೇ ಕಾಣುತ್ತದೆ, ಇನ್ನೊಂದು ಕಣ್ಣು ಬೇಕು, ಅದಿಲ್ಲದೆ ಯಾವ ಚಿಪ್ಪಿನ ಮೇಲೂ ಸೀಸದ ಗುಂಡು ಕೂರಬಾರದು ಎಂದಿದ್ದ. ಆಗ ಅವಳಿಗೆ ಕೌಂಟಿ ಕಚೇರಿಯಲ್ಲಿ ದಸ್ತಾವೇಜುಗಳ ಪ್ರತಿಯನ್ನು ಮೂಲದೊಂದಿಗೆ ತಾಳೆ ನೋಡುವ ಕೆಲಸ. ಇದು ಅದೇ ಕೆಲಸ ಅನ್ನಿಸಿತ್ತು. ಟಾರ್ಚಿನ ಬೆಳಕು ಕುಳಿಯಿಂದ ಕುಳಿಗೆ, ಬೂದು ಮದ್ದಿನ ಮಟ್ಟ ಒಂದೇ, ಒಂದೇ, ಒಂದೇ. ಮೂವತ್ತೊಂದು ವರ್ಷಗಳಲ್ಲಿ ನಾಲ್ಕು ಸಲ ಅದು ಒಂದೇ ಆಗಿರಲಿಲ್ಲ. ನಾಲ್ಕು ಸಲವೂ ಅವಳು ಬೆರಳಿಟ್ಟು ತೋರಿಸಿದ್ದಳು, ಅವನು ಬೈದುಕೊಳ್ಳದೆ, ನಗದೆ, ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದಿದ್ದ. ಬೇರೆ ಮನೆಗಳಲ್ಲಿ ಆ ಎತ್ತರದಲ್ಲಿ ಮಕ್ಕಳು ಬೆಳೆದ ಗುರುತುಗಳಿರುತ್ತವೆ. ಇವರಿಗೆ ಮಕ್ಕಳಾಗಲಿಲ್ಲ.

ಹಿಂದಿನ ಶರತ್ಕಾಲದಲ್ಲಿ ಅವನಿಗೆ ಮಾತುಗಳು ಜಾರತೊಡಗಿದ ಮೇಲೆ ಮದ್ದು ಸುರಿಯುವುದನ್ನು ಅವಳು ತನ್ನ ಕೈಗೆ ತೆಗೆದುಕೊಂಡಳು. ಕಿತ್ತುಕೊಂಡಳು ಎನ್ನುವಂತಿರಲಿಲ್ಲ. ಅವನು ಟಿವಿಯ ಮುಂದೆ ಇರುವಾಗ ಹೋಗಿ ಮುಗಿಸಿ ಬರುತ್ತಿದ್ದಳು. ಡಬ್ಬಿಯ ಮೇಲಿನ ಚೀಟಿಯಲ್ಲಿ ತಾರೀಕು, ಮದ್ದಿನ ಹೆಸರು, ಕೆಳಗೆ ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಅವನ ಬರವಣಿಗೆಯಲ್ಲೇ ಹಾಕುತ್ತಿದ್ದಳು, ಎಂಟರ ಅಂಕಿಯನ್ನು ಅವನಂತೆಯೇ ಒಂದರ ಮೇಲೊಂದು ಎರಡು ಸೊನ್ನೆಗಳಾಗಿ ಬರೆದು. ಇನ್ನೊಬ್ಬರು ತುಂಬಿದ ತೋಟಾವನ್ನು ತನ್ನ ಪಿಸ್ತೂಲಿನಲ್ಲಿ ಹಾರಿಸಬಾರದು ಎಂಬುದು ಶೂಟಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಪಾಲಿಸುವ ಮಾತು. ಅಣ್ಣ ತಮ್ಮಂದಿರು ಕೂಡ ಪಾಲಿಸುತ್ತಾರೆ. ಹಾಲ್ವರನ ಡಬ್ಬಿಗಳಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ; ಅವನ್ನು ಜನ ಕೇಳಿ ಒಯ್ಯುತ್ತಿದ್ದರು. ಆರು ತಿಂಗಳು ಚೀಟಿ ಸುಳ್ಳು ಹೇಳಿತ್ತು, ಒಳಗಿನದು ಸರಿಯಾಗಿತ್ತು. ಗುರುವಾರ ಅವಳು ಎರಡು ಸಾಲು ಸುರಿದು ಮುಗಿಸಿದ್ದಾಗ ಅಡುಗೆಮನೆಯಲ್ಲಿ ಫೋನು ರಿಂಗಾಯಿತು. ಪಂದ್ಯ ನಡೆಸುವ ಡೆಲ್ಬರ್ಟ್. ಶನಿವಾರ ಬರುತ್ತಾನಾ, ಹೇಗಿದ್ದಾನೆ, ಜನರನ್ನು ಗುರುತು ಹಿಡಿಯುತ್ತಾನಾ ಎಂದು ಅವನು ಕೇಳಿದ. ಅವಳು ಫೋನಿನ ಸುತ್ತ ಅಂಗೈ ಮರೆ ಮಾಡಿ, ದನಿ ತಗ್ಗಿಸಿ, ಒಂದೊಂದು ದಿನ ಪರವಾಗಿಲ್ಲ, ಒಂದೊಂದು ದಿನ ಚಿಕ್ಕ ಮಗುವಿನ ಹಾಗೆ, ಎಂದಳು. ಚಿಕ್ಕ ಮಗು ಎಂಬ ಮಾತು ಬಾಯಿಂದ ಹೊರಟ ಮೇಲೆ ಗ್ಯಾರೇಜಿನ ಬಾಗಿಲು ತೆರೆದೇ ಇದೆ ಎಂದು ನೆನಪಾಯಿತು. ವಾಪಸು ಹೋದರೆ ಹಾಲ್ವರ್ ಸ್ಟೂಲಿನ ಮೇಲಿದ್ದ. ಯಂತ್ರದ ಹಿಡಿಯ ಮೇಲೆ ಅವನ ಕೈ. ಹಲಗೆಯ ಐದೂ ಸಾಲು ತುಂಬಿದ್ದವು. ಟಾರ್ಚು ಬೆಂಚಿನ ಮೇಲೆ, ಅವಳು ನಿಲ್ಲುವ ಜಾಗದ ಬಲಕ್ಕೆ. ಅವನು ತಲೆಯೆತ್ತಿ ಅವಳನ್ನೇ ನೋಡಿದ. ಆ ನೋಟವನ್ನು ಅವಳು ಶಾಲೆಯ ಪಾಟಿ ತೋರಿಸುವ ಹುಡುಗನ ನೋಟ ಎಂದುಕೊಂಡಳು. ಈಗ ಟಾರ್ಚು ಹಾಕಿ ಬಾಗಿ ನೋಡಿದರೆ ಅವನ ಎದುರಿಗೇ ಅವನನ್ನು ಅನುಮಾನಿಸಿದ ಹಾಗೆ. ಚೆನ್ನಾಗಿದೆ, ಅಂದಳು. ಟಾರ್ಚನ್ನು ಡ್ರಾಯರಿಗೆ ಹಾಕಿ, ಸೀಸದ ಗುಂಡುಗಳನ್ನು ಒಂದೊಂದಾಗಿ ಚಿಪ್ಪಿನ ಬಾಯಿಗಿಟ್ಟು ಪ್ರೆಸ್ಸಿನಲ್ಲಿ ಒತ್ತತೊಡಗಿದಳು. ಒಳಗೆ ನೋಡದಂತೆ ಕಣ್ಣನ್ನು ಸೀಸದ ಮೇಲೇ ಹಿಡಿದುಕೊಂಡಿದ್ದಳು. ಹಾಗೆ ಹಿಡಿದುಕೊಂಡಿದ್ದರೂ ನಾಲ್ಕನೇ ಸಾಲಿನ ನಡುವೆಲ್ಲೋ ಒಂದು ಬಾಯಿ ಮಿಕ್ಕವಕ್ಕಿಂತ ಕಪ್ಪಗೆ ಕಂಡಿತೇ? ಕೈ ಆಗಲೇ ಹಿಡಿಯನ್ನು ಇಳಿಸಿಯಾಗಿತ್ತು.

ಶುಕ್ರವಾರ ತೂಗಿ ನೋಡೋಣ ಎಂದುಕೊಂಡಳು, ಎರಡನ್ನು ತೂಗಿದಳು, ಬಿಟ್ಟಳು. ಕಾರಿನ ಚಕ್ರಗಳಿಂದ ಕಿತ್ತ ಸೀಸವನ್ನು ಹಾಲ್ವರ್ ತಾನೇ ಕರಗಿಸಿ ಅಚ್ಚಿಗೆ ಹೊಯ್ದ ಗುಂಡುಗಳವು. ಒಂದಕ್ಕೊಂದು ಇರುವ ವ್ಯತ್ಯಾಸವೇ ಒಂದು ಪಾಲು ಮದ್ದಿನ ತೂಕವನ್ನು ನುಂಗಿಬಿಡುತ್ತದೆ. ಬಿಚ್ಚದೆ ತಿಳಿಯುವ ದಾರಿಯಿಲ್ಲ.

ಜೂಡಿತ್ ಬೆಟ್ಟಗಳ ಕಡೆಯಿಂದ ಏಪ್ರಿಲ್ಲಿನ ಗಾಳಿ ಬೀಸುತ್ತಿತ್ತು, ಮೈದಾನದ ಕಾಗದದ ಗುರಿಗಳೆಲ್ಲ ಪಟಪಟ ಬಡಿದುಕೊಳ್ಳುತ್ತಿದ್ದವು. ಷೆಡ್ಡಿನ ಮೇಜಿನ ಮೇಲೆ ಯಾರೋ ತಂದ ರೂಬಾರ್ಬ್ ಎಂಬ ಹುಳಿ ದಂಟಿನ ಸಿಹಿ ತುಂಡುಗಳ ತಟ್ಟೆ, ಮೇಲೆ ಹೊದಿಸಿದ ಹಾಳೆ ಹಾರದಂತೆ ಅದರ ಮೇಲೊಂದು ಸೀಸದ ಗಟ್ಟಿ. ಮೂವತ್ತು ಜನ ಇದ್ದಿರಬಹುದು. ಎಲ್ಲರೂ ಹಾಲ್ವರನ ಹತ್ತಿರ ಬಂದು ಹೆಸರು ಹೇಳಿಕೊಂಡು ಕೈ ಕುಲುಕಿದರು. ಮೂವತ್ತು ವರ್ಷದ ಪರಿಚಯದವರು ಹೆಸರು ಹೇಳಿಕೊಂಡದ್ದನ್ನು ಅರ್ಡಿಸ್ ಗಮನಿಸಿದಳು; ಅವನೂ ಗಮನಿಸಿದನೇ ಎಂದು ನೋಡಿದಳು. ಅವನು ಪ್ರತಿಯೊಬ್ಬರಿಗೂ ಗೊತ್ತು, ಗೊತ್ತು ಎನ್ನುತ್ತಿದ್ದ. ಡೆಲ್ಬರ್ಟ್ ದೂರದಿಂದಲೇ, "ಬಂದ್ರಪ್ಪ ಅಮ್ಮಾವ್ರು. ಇನ್ನು ಕಾಫಿ ಕೂಡ ಪರವಾನಗಿ ತಗೊಂಡೇ ಕುಡೀಬೇಕು," ಅಂದ. ಅವಳು ನಕ್ಕಳು. ಮೈದಾನದಲ್ಲಿ ತಪ್ಪು ಹಿಡಿಯುವವಳು ಎಂದು ಅವಳಿಗೆ ಮೊದಲಿನಿಂದ ಹೆಸರು.

ಹಾಲ್ವರನ ತಂಗಿಯ ಮಗಳು ಬ್ರಿಟಾ ಗ್ರೇಟ್ ಫಾಲ್ಸಿನಿಂದ ಬಂದಿದ್ದಳು. ಕುದುರೆಗಳಿಗೆ ಲಾಳ ಕಟ್ಟುವ ಕೆಲಸ. ಮೊಣಕೈವರೆಗೂ ಗೀರುಗಳು, ಹೆಬ್ಬೆರಳು ಹಾಲ್ವರನದೇ ಹಾಗೆ ಅಗಲ. ಹಾಲ್ವರ್ ಮಡಿಸುವ ಕುರ್ಚಿಯಿಂದ ಎದ್ದು, ಎಲ್ಲರೂ ಸುತ್ತ ನಿಂತಿರುವಾಗ, ಅಪ್ಪನಿಂದ ತನಗೆ ಬಂದಿದ್ದ ನಲವತ್ತೈದು ಕ್ಯಾಲಿಬರಿನ ಪಿಸ್ತೂಲನ್ನು ಅವಳ ಕೈಗಿಟ್ಟ. ಅದರ ಮೇಲೆ ಹಸಿರು ಡಬ್ಬಿಯನ್ನು ಇಟ್ಟ. "ಇದೂ ನಿಂದೇ. ಇದನ್ನ ನಾನೇ ತುಂಬಿದ್ದು," ಅಂದ. 'ನಾನೇ' ಎಂಬುದನ್ನು ಒತ್ತಿ ಹೇಳಿದನೇ ಎಂದು ಅರ್ಡಿಸ್‌ಗೆ ಅನುಮಾನವಾಯಿತು. ಬ್ರಿಟಾ ಕಣ್ಣೊರೆಸಿಕೊಂಡಳು. ಹಾಲ್ವರನ ಡಬ್ಬಿ ಬಿಟ್ಟು ಬೇರೆಯವರು ತುಂಬಿದ್ದನ್ನು ತಾನು ಸುತ್ತಿಗೆಯಿಂದ ಕೂಡ ಹೊಡೆಯುವುದಿಲ್ಲ ಎಂದು ಡೆಲ್ಬರ್ಟ್ ಹೇಳಿದ, ಜನ ನಕ್ಕರು. ಚಪ್ಪಾಳೆಗೆ ಗಾಳಿ ಬೆರೆತು ಮಳೆ ಬಂದ ಹಾಗೆ ಕೇಳಿಸಿತು.

ಅರ್ಡಿಸ್ ಚೀಲದಿಂದ ಬೇರೆ ಡಬ್ಬಿ ತೆಗೆದು ಬ್ರಿಟಾಳ ಹತ್ತಿರ ಹೋದಳು. ಕಾರಣವನ್ನು ದಾರಿಯಲ್ಲೇ ಹೊಸೆದಿದ್ದಳು: ಆ ಡಬ್ಬಿಯನ್ನು ನೆನಪಿಗೆಂದು ಇಟ್ಟುಕೋ, ಪಂದ್ಯಕ್ಕೆ ಇದನ್ನು ಹಾರಿಸು. ಕೇಳಲು ಚೆನ್ನಾಗಿಯೇ ಇತ್ತು. ಬ್ರಿಟಾ ಅವಳ ಹೆಗಲ ಮೇಲಿನಿಂದ ಕುರ್ಚಿಯ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತೆ, ಮಾವ ನೋಡ್ತಾ ಇದಾರೆ. ಅವರದ್ದೇ ಹಾರಿಸ್ತೀನಿ ಬಿಡಿ. ಇನ್ನೆಷ್ಟು ಸಲ ಸಿಗತ್ತೆ ಹೇಳಿ." ಅರ್ಡಿಸ್ ತಿರುಗಿದಳು. ಹಾಲ್ವರ್ ನಿಜವಾಗಿಯೂ ನೋಡುತ್ತಿದ್ದ. ಅದೇ ಗುರುವಾರದ ನೋಟ. ಕೈಯಲ್ಲಿದ್ದ ಡಬ್ಬಿಯನ್ನು ಕಳ್ಳಮಾಲಿನ ಹಾಗೆ ಕೋಟಿನ ಮಡಿಕೆಗೆ ಸೇರಿಸಿಕೊಂಡು ಅವಳು ಬಂದು ಅವನ ಪಕ್ಕ ನಿಂತಳು.

ಮೊದಲ ಎರಡು ಸಾಲು ತನ್ನವು. ಹಲಗೆಯ ಕ್ರಮದಲ್ಲೇ ಡಬ್ಬಿಗೆ ಇಳಿಸಿದ್ದಳು, ಅದು ಅವಳ ಅಭ್ಯಾಸ. ಬ್ರಿಟಾ ಚೀಟಿ ಇರುವ ತುದಿಯಿಂದಲೇ ಒಂದೊಂದಾಗಿ ಪಿಸ್ತೂಲಿನ ತೋಟಾ ಗೂಡಾದ ಮ್ಯಾಗಝೀನಿಗೆ ಒತ್ತುತ್ತಿದ್ದಳು, ಅದೂ ಕಾಣಿಸಿತು. ಹಾಗಾದರೆ ಇಪ್ಪತ್ತು ಹೊಡೆತಗಳ ಸಮಯವಿದೆ. ಇಪ್ಪತ್ತರೊಳಗೆ ಏನಾದರೂ ಹೊಳೆಯುತ್ತದೆ. ಆದರೆ ಹಾಲ್ವರ್ ಎಲ್ಲಿಂದ ಶುರು ಮಾಡಿದ? ಅವಳು ಬಿಟ್ಟಲ್ಲಿಂದಲೇ, ಅಥವಾ ಮೊದಲ ಕುಳಿಯಿಂದಲೇ? ಇಪ್ಪತ್ತರ ಮೇಲೂ ಇನ್ನೊಂದು ಪಾಲು ಬಿದ್ದಿದ್ದರೆ? ಇಲ್ಲ, ಮದ್ದು ಅಷ್ಟಿದ್ದರೆ ಗುಂಡು ಒತ್ತುವಾಗ ಅಂಚಿನವರೆಗೂ ಕಾಣುತ್ತಿತ್ತು. ಕಾಣುತ್ತಿತ್ತೇ, ಕಣ್ಣು ಬೇರೆಡೆ ಇಟ್ಟವಳಿಗೆ? ಮೊದಲ ಹೊಡೆತ ಕೇಳಿಸಿತು. ಎರಡು. ಮೂರು. ದನಿ ಒಂದೇ, ಒಂದೇ. ಕಿವಿಯ ಮುಚ್ಚಳವನ್ನು ಅವಳು ಒಂದು ಬದಿಗೆ ಸರಿಸಿಕೊಂಡಿದ್ದಳು, ಪೇಲವವಾದ ಒಂದು ಸದ್ದಿಗಾಗಿ. ಮದ್ದಿಲ್ಲದ ತೋಟಾದಲ್ಲಿ ಕೇಪು ಒಂದೇ ಸಿಡಿಯುತ್ತದೆ, ಬಾಟಲಿಯ ಬಿರಡೆ ತೆಗೆದಂತೆ. ಗುಂಡು ನಳಿಗೆಯೊಳಗೆ ಅರ್ಧಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಒಂಟಿಯಾಗಿ, ನಿಧಾನವಾಗಿ ಹಾರಿಸುವವರು ಅಲ್ಲಿ ನಿಲ್ಲುತ್ತಾರೆ. ಪಂದ್ಯದವರ ಕೈಗೆ ನಿಲ್ಲುವುದು ಗೊತ್ತಿಲ್ಲ. ಪಿಸ್ತೂಲು ಹಾರಲಿಲ್ಲವೆಂದರೆ ಬುಡಕ್ಕೆ ತಟ್ಟು, ಮೇಲಿನದನ್ನು ಹಿಂದಕ್ಕೆಳೆದು ಬಿಡು, ಮತ್ತೆ ಒತ್ತು, ಅರ್ಧ ಕ್ಷಣ. ಯೋಚನೆ ಬರುವ ಮೊದಲು ಕೈ ಮುಗಿಸಿರುತ್ತದೆ. ಬ್ರಿಟಾಗೆ ಹದಿನಾರು ತುಂಬುವ ಮೊದಲೇ ಇದನ್ನು ನೂರು ಸಲ, ಸಾವಿರ ಸಲ ಮಾಡಿಸಿ ಮೈಗೂಡಿಸಿದವನು ಹಾಲ್ವರ್. ಹಿಂದಿನ ಗುಂಡು ಕಚ್ಚಿಕೊಂಡಿರುವ ನಳಿಗೆಗೆ ಮುಂದಿನದು; ನಳಿಗೆ ಕೈಯಲ್ಲೇ ಸಿಡಿಯುತ್ತದೆ. ಅವಳು ಬ್ರಿಟಾಳ ಹೆಬ್ಬೆರಳುಗಳನ್ನು ನೋಡಿದಳು. ಪಿಸ್ತೂಲನ್ನು ಸುತ್ತಿಕೊಂಡು ಅವು ಒಂದರ ಮೇಲೊಂದು ಮಲಗಿದ್ದವು.

ಹತ್ತು ಮುಗಿಯಿತು. ಜನ ಗುರಿಗಳ ಹತ್ತಿರ ಹೋಗಿ ಬಂದರು. ಯಾರೋ ಅವಳಿಗೆ ರೂಬಾರ್ಬ್ ಸಿಹಿಯ ತುಂಡು ಕೊಟ್ಟರು, ಅವಳು ಅದನ್ನು ಹಿಡಿದುಕೊಂಡೇ ಇದ್ದಳು. ನಿಜ ಹೇಳಿದರೆ ಮೂವತ್ತು ಜನರ ಎದುರು ಹಾಲ್ವರ್ ತಪ್ಪು ತುಂಬಿದವನಾಗುತ್ತಾನೆ, ಅವನ ಹೆಸರಿಗಿದ್ದ ಒಂದೇ ಒಂದು ಮರ್ಯಾದೆ ಇವತ್ತೇ, ಪಿಸ್ತೂಲು ಕೊಟ್ಟ ದಿನವೇ, ಹೋಗುತ್ತದೆ. ಡಬ್ಬಿ ತುಂಬಿದವಳು ತಾನೇ ಎಂದರೆ ಅವನು ಏನನ್ನೂ ತುಂಬದವನಾಗುತ್ತಾನೆ. ಯಾವುದು ಕಡಿಮೆ? ಕಚೇರಿಯಲ್ಲಿ ಒಮ್ಮೆ ಮೇಲಧಿಕಾರಿಯ ಸಹಿಯಿದ್ದ ಹೊಲದ ಪತ್ರದಲ್ಲಿ ಗಡಿಯ ಅಳತೆ ತಪ್ಪಿದ್ದನ್ನು ಕಂಡು ಅವಳು ಮೂರು ದಿನ ಸುಮ್ಮನಿದ್ದಳು, ಅವರಿಗೆ ಬೇಸರವಾದೀತೆಂದು. ಆಮೇಲೆ ಇಬ್ಬರು ನೆರೆಯವರು ಹನ್ನೊಂದು ವರ್ಷ ಮಾತು ಬಿಟ್ಟರು. ತನ್ನ ಒಳ್ಳೆಯತನ ಯಾವಾಗಲೂ ಬೇರೆ ಯಾರದೋ ಮೈಮೇಲೆ ಬೀಳುತ್ತದೆ. ಹನ್ನೊಂದನೇ ಹೊಡೆತ, ಹನ್ನೆರಡು. ಹಾಲ್ವರ್ ತುಟಿಯಾಡಿಸುತ್ತಿದ್ದ. ಅವನೂ ಎಣಿಸುತ್ತಿದ್ದನೇ? ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಖಾಲಿ ಚಿಪ್ಪು ಜಲ್ಲಿಯ ಮೇಲೆ ಬಿದ್ದು ಹೊರಳಿತು. ಬ್ರಿಟಾ ಮ್ಯಾಗಝೀನ್ ತೆಗೆದು ಡಬ್ಬಿಗೆ ಕೈಹಾಕಿದಳು, ಬೆರಳು ಮೂರನೇ ಸಾಲಿಗೆ ಹೋಯಿತು. ಐದು ತುಂಬಿದಳು. ತಳ್ಳಿದಳು. ಪಿಸ್ತೂಲು ಮೇಲೆದ್ದಿತು.

ಮೈದಾನದಲ್ಲಿ ಯಾರು ಬೇಕಾದರೂ, ನೋಡಲು ಬಂದವರು ಕೂಡ, 'ನಿಲ್ಲಿಸಿ' ಅನ್ನಬಹುದು. ಅಂದರೆ ಮೊದಲು ನಿಲ್ಲಿಸುತ್ತಾರೆ, ಆಮೇಲೆ ಕೇಳುತ್ತಾರೆ. ಅರ್ಡಿಸ್ ಅಂದಳು. ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

ಬ್ರಿಟಾ ಪಿಸ್ತೂಲನ್ನು ಬರಿದುಮಾಡಿ, ಐದು ತೋಟಾಗಳನ್ನು ಡಬ್ಬಿಗೆ ಮರಳಿಸಿ, ಬಾಯಿ ತೆರೆದ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಎಲ್ಲರೂ ಅರ್ಡಿಸ್‌ಳ ಕಡೆ ತಿರುಗಿದರು. ಅವಳ ಕೈಯಲ್ಲಿ ಸಿಹಿಯ ತುಂಡು ಪುಡಿಯಾಗಿ ಬೆರಳ ಸಂದಿನಿಂದ ಉದುರುತ್ತಿತ್ತು.

"ಆ ಡಬ್ಬಿ ನಾನು ತುಂಬಿದ್ದು," ಅಂದಳು. "ಮಧ್ಯೆ ಫೋನ್ ಬಂತು. ಎಲ್ಲಿ ಬಿಟ್ಟೆ ಅಂತ ತಪ್ಪೋಯ್ತು. ಹಾರಿಸಬೇಡ."

ಡೆಲ್ಬರ್ಟ್ ಡಬ್ಬಿಯನ್ನು ತಿರುಗಿಸಿ ನೋಡಿದ. "ಮೇಲೆ ಹಾಲ್ವರ್ ಕೈಬರಹ ಇದೆಯಲ್ಲ ಅರ್ಡಿಸ್."

"ಅದೂ ನಂದೇ."

ಡೆಲ್ಬರ್ಟ್ ಈ ಸಲ ಅಮ್ಮಾವ್ರೇ ಎನ್ನಲಿಲ್ಲ, ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಎಂದಿನಿಂದ ಎಂದು ಮೆಲ್ಲಗೆ ಕೇಳಿದ. ಅಕ್ಟೋಬರಿನಿಂದ ಎಂದಳು. ಅವನು ತನ್ನ ಬೂಟಿನ ತುದಿಯನ್ನು ನೋಡುತ್ತ, ಜನವರಿಯಲ್ಲಿ ನಾನು ಎರಡು ಡಬ್ಬಿ ತಗೊಂಡಿದ್ದೆ, ಎಂದ. ಆಮೇಲೆ ಗಾಡಿಯ ಕಡೆ ನಡೆದ. ವಾಪಸು ಬಂದಾಗ ಕೈಯಲ್ಲಿ ಒಂದೂವರೆ ಡಬ್ಬಿ. ಮೇಜಿನ ಮೇಲೆ, ಅವಳ ಎದುರು, ಸದ್ದಾಗದಂತೆ ಇಟ್ಟ. ಇನ್ನೊಬ್ಬ ಹೋದ. ಇನ್ನಿಬ್ಬರು. ಗಾಡಿಗಳ ಬಾಗಿಲು ತೆರೆದು ಮುಚ್ಚುವ ಸದ್ದು. ಯಾರೂ ಮುಖ ಗಂಟಿಕ್ಕಲಿಲ್ಲ. ಸಾವಿನ ಮನೆಗೆ ತಿಂಡಿಯ ಪಾತ್ರೆ ತಂದಿಡುವ ಹಾಗೆ ಒಬ್ಬೊಬ್ಬರಾಗಿ ತಂದಿಟ್ಟು, ತಲೆಯಾಡಿಸಿ, ಸರಿದರು. ಏಳು ಡಬ್ಬಿಗಳಾದವು. ಪ್ರತಿಯೊಂದರ ಮೇಲೂ ಎರಡು ಸೊನ್ನೆಗಳ ಎಂಟು. ಬ್ರಿಟಾ ಅವಳನ್ನು ನೋಡುವ ಬದಲು ಹಾಲ್ವರನನ್ನು ನೋಡುತ್ತಿದ್ದಳು. ಅವನು ಕಿವಿಯ ಮುಚ್ಚಳ ತೆಗೆದಿರಲಿಲ್ಲ. ಕೇಳಿಸಿತೋ ಇಲ್ಲವೋ. ಬಿಸಿಲಿಗೆ ಕಣ್ಣು ಕಿರಿದಾಗಿಸಿ ದೂರದ ಗುರಿಗಳನ್ನು ನೋಡುತ್ತ ಕುಳಿತಿದ್ದ.

ಮನೆಗೆ ಹದಿನೆಂಟು ಮೈಲಿ. ಧಾನ್ಯದ ಎತ್ತರದ ಗೋದಾಮು ದಾಟಿದ ಮೇಲೆ ಅವನು ಊಟ ಆಯಿತೇ ಎಂದು ಕೇಳಿದ. ಇಲ್ಲ ಅಂದಳು. ಬ್ರಿಟಾ ಚೆನ್ನಾಗಿ ಹಾರಿಸಿದಳು ಎಂದ. ಹೌದು ಅಂದಳು. ಹಾಗಾದರೆ ಏನೂ ನಾಟಿಲ್ಲ, ಆಗಲೇ ಅಳಿಸಿಹೋಗಿದೆ, ಎಂದುಕೊಂಡಾಗ ಅವಳಿಗೆ ಬಂದ ಸಮಾಧಾನ ಎಷ್ಟು ದೊಡ್ಡದಾಗಿತ್ತೆಂದರೆ ಅವಳಿಗೇ ನಾಚಿಕೆಯಾಯಿತು. ಆದರೆ ಗಾಡಿ ನಿಲ್ಲಿಸಿದ ಕೂಡಲೇ ಅವನು ಬ್ರಿಟಾ ಮರಳಿಸಿದ್ದ ಹಸಿರು ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋಗದೆ ಗ್ಯಾರೇಜಿಗೆ ಹೋದ. ಅವಳು ಹಿಂದೆ ಹೋದಳು. ಅವನು ಸ್ಟೂಲಿನ ಮೇಲೆ ಕುಳಿತು, ತೋಟಾ ಬಿಚ್ಚುವ ಸುತ್ತಿಗೆಯನ್ನು ಕೊಕ್ಕೆಯಿಂದ ಇಳಿಸಿದ್ದ. ಟೊಳ್ಳು ತಲೆಯ ಸುತ್ತಿಗೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಮರದ ಮೇಲೆ ಕುಟ್ಟಿದರೆ ಗುಂಡು ಕಳಚಿ ಮದ್ದಿನೊಂದಿಗೆ ಒಳಗೇ ಬೀಳುತ್ತದೆ.

ಟಾರ್ಚು ಎಲ್ಲಿ ಎಂದು ಕೇಳಿದ. ಡ್ರಾಯರಿನಲ್ಲಿದೆ ಎಂದಳು.

"ಗುರುವಾರ ನಿನ್ನ ಕೈ ಪಕ್ಕಾನೇ ಇಟ್ಟಿದ್ದೆ."

ಅವಳು ಡ್ರಾಯರಿನ ಕಡೆ ನೋಡಿದಳು.

"ಕಾಯ್ತಾ ಕೂತಿದ್ದೆ, ಅರ್ಡಿಸ್. ನೀನು ನೋಡ್ತೀಯ ಅಂತ."

ನಿನಗೆ ಬೇಜಾರಾಗತ್ತೇನೋ ಅಂದುಕೊಂಡೆ ಎಂದಳು. ಮಾತು ಬಾಯಲ್ಲಿರುವಾಗಲೇ ಎಷ್ಟು ಬಡಕಲು ಎಂದು ಗೊತ್ತಾಗುತ್ತಿತ್ತು.

"ನಂಗೆ ಜ್ವರ ಇದ್ದಾಗ ನೀನು ನೋಡಿದ್ದೆ. ನಮ್ಮಪ್ಪ ಸತ್ತ ವಾರ ನೋಡಿದ್ದೆ. ಜಗಳ ಆಡ್ಕೊಂಡು ಮಾತು ಬಿಟ್ಟಾಗ್ಲೂ ಬಂದು ನೋಡಿ ಹೋಗ್ತಿದ್ದೆ. ಯಾವತ್ತೂ ಬಿಟ್ಟಿಲ್ಲ ನೀನು. ಆ ಏಳು ಡಬ್ಬಿ ಸರಿಯಾಗಿವೆ ಬಿಡು, ನಂಗೊತ್ತು, ನಿನ್ನ ಎಂಟು ತೀರಾ ನೀಟು. ಅದಲ್ಲ. ನೀನು ನೋಡದೇನೇ ಚೆನ್ನಾಗಿದೆ ಅಂದ್ಯಲ್ಲ, ಆಗ ನಾನು…"

ವಾಕ್ಯ ಅಲ್ಲಿ ತುಂಡಾಯಿತು. ಅವನ ಕಣ್ಣು ಗೋಡೆಯ ಮೇಲೆ, ಕೊಕ್ಕೆಗಳ ಮೇಲೆ, ಅಚ್ಚುಗಳ ಮೇಲೆ ಅಲೆದು ಅದನ್ನು ಹುಡುಕಿತು. ಬೇರೆ ದಿನವಾಗಿದ್ದರೆ ಅವಳು ಮಾತು ಎತ್ತಿಕೊಡುತ್ತಿದ್ದಳು. ಇವತ್ತು ಕೊಡಲಿಲ್ಲ. ಡ್ರಾಯರಿನಿಂದ ಟಾರ್ಚು ತೆಗೆದು, ತಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು.

ಅವನು ಕುಟ್ಟುತ್ತಿದ್ದ, ತಗಡಿನ ತಟ್ಟೆಗೆ ಸುರಿಯುತ್ತಿದ್ದ, ಅವಳು ಬೆಳಕು ಬಿಟ್ಟು ನೋಡಿ ಸರಿ ಎನ್ನುತ್ತಿದ್ದಳು. ಸೀಸ ಒಂದು ಕಡೆ, ಚಿಪ್ಪು ಹಲಗೆಯ ಮೇಲೆ ಅದರದರ ಕುಳಿಗೆ. ಅವನ ಕೈ ತಪ್ಪುತ್ತಿರಲಿಲ್ಲ. ಹತ್ತಾಯಿತು, ಮೂರನೇ ಸಾಲು ಮುಗಿಯಿತು. ಹದಿನೈದಾಯಿತು. ಹದಿನಾರನೆಯದನ್ನು ಕುಟ್ಟಿ ಸುರಿದಾಗ ಸೀಸದ ಗುಂಡೊಂದೇ ತಟ್ಟೆಯಲ್ಲಿ ಟಣ್ ಎಂದು ಬಿದ್ದು, ಅಂಚಿನವರೆಗೆ ಉರುಳಿ, ನಿಂತಿತು. ಅವನು ಸುತ್ತಿಗೆಯನ್ನು ಮತ್ತೆ ಬಗ್ಗಿಸಿ ತಟ್ಟಿದ. ಏನೂ ಬರಲಿಲ್ಲ. ಅವಳು ಚಿಪ್ಪನ್ನು ಎತ್ತಿ ಟಾರ್ಚು ಹಿಡಿದಳು. ತಳದಲ್ಲಿ ಬರೀ ಹಿತ್ತಾಳೆ ಹೊಳೆಯಿತು. ಬ್ರಿಟಾಳ ಕೈ ತಟ್ಟಿ, ಎಳೆದು, ಬಿಟ್ಟು, ಮತ್ತೆ ಒತ್ತಿದ್ದು ಅವಳ ಕಣ್ಣೆದುರು ನಡೆದುಹೋಯಿತು.

ಹಾಲ್ವರ್ ಅವಳ ಮುಖ ನೋಡಿದ. "ಯಾರದ್ದು ಇದು?"

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಬೆಳಿಗ್ಗೆ ಮೂವತ್ತು ಜನರ ಎದುರು ಹೇಳಿದ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಇನ್ನೊಮ್ಮೆ ಹೇಳಲು ಏನೂ ಖರ್ಚಿರಲಿಲ್ಲ, ನಾಳೆಗೆ ಅವನು ಅದನ್ನೂ ಮರೆಯುತ್ತಿದ್ದ. ಅವಳು ಚಿಪ್ಪನ್ನು ನಾಲ್ಕನೇ ಸಾಲಿನ ಆರನೇ ಕುಳಿಯಲ್ಲಿ ನಿಲ್ಲಿಸಿ ಅದರ ಮೇಲೆ ಬೆರಳಿಟ್ಟಳು.

"ನಿಂದು," ಅಂದಳು.

ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಬೈದುಕೊಳ್ಳಲಿಲ್ಲ, ನಗಲಿಲ್ಲ. ಕಿವಿಯ ಮೇಲೆ ತಡವಿದ, ಅಲ್ಲಿರಲಿಲ್ಲ; ಅಂಗಿಯ ಜೇಬಿನಲ್ಲಿ ಪೆನ್ಸಿಲು ಸಿಕ್ಕಿತು. ಎದ್ದು ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ನಾಲ್ಕು ಗೆರೆಗಳ ಕೆಳಗೆ ಐದನೆಯದನ್ನು ಎಳೆದ. ಪಕ್ಕದಲ್ಲಿ ಬರೆಯಲು ಪೆನ್ಸಿಲು ಒತ್ತಿ ಹಿಡಿದವನು ಹಾಗೆಯೇ ನಿಂತ.

"ಇವತ್ತು ಎಷ್ಟನೇ ತಾರೀಕು?"

ಅವಳು ಹೇಳಿದಳು. ಅವನು ಬರೆದು, ಒಂದು ಹೆಜ್ಜೆ ಹಿಂದೆ ಸರಿದು, ಟಾರ್ಚಿನ ಬೆಳಕಿಗಾಗಿ ಕಾದು ನಿಂತ. ಅವಳು ಬೆಳಕು ಬಿಟ್ಟು, ಹತ್ತಿರ ಬಾಗಿ, ತಾರೀಕನ್ನು ಅಂಕಿ ಅಂಕಿಯಾಗಿ ನೋಡಿದಳು.